ಸೇವಂತಿಗೆ ಮಡಿಯಲ್ಲಿ ಸೋಯಾ ಸಸಿ

ನವೆಂಬರ್ ೩, ಸೋಮವಾರ, ಹುಮನಾಬಾದ್

ಹೊಟ್ಟನ್ನು ಮೊದಲೇ ಕೇರಬೇಕಿತ್ತು. ಕಳೆ ಏಳದಿರಲೆಂದು ಸೇವಂತಿಗೆ ಮಡಿಗೆ ದಪ್ಪಗೆ ಹಾಸಿದ ಸೋಯಾ ಹೊಟ್ಟಿನಲ್ಲಿ ಕಾಳು ಉಳಿದು, ಈಗ ಹೂಗಿಡಕ್ಕಿಂತ ಸೋಯಾ ಸಸಿಯೇ ಹೆಚ್ಚು! ನಮ್ಮವರು ಕಳೆನಾಶಕದ ಡಬ್ಬಿ ಹಿಡಿದು ಬಂದರು. "ಯಾರು ಹಾಸ್ಯಾರ ಈ ಹೊಟ್ಟು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆಯೇ ಮಗನಿಗೆ, "ನಾನೇ ಹಾಸೀನಿ, ಏನೀಗ? ದೇವರಿಗಿ ಏರಸೋ ಹೂವಿಗಿ ವಿಷ ಹೊಡೀತೀಯೇನು?" ಎಂದರು. ಇವರು ಡಬ್ಬಿಯನ್ನು ಅಂಗಡಿಗೆ ವಾಪಸ್ ಕೊಡಲು ಹೋದರು.

ಮೊಣಕಾಲು ನೋವಿನಲ್ಲೇ ಅತ್ತೆ ನನ್ನೊಂದಿಗೆ ಕೂತು ಸಸಿ ಕಿತ್ತರು. ಆಕಳಿಗೆ ಹಬ್ಬವಾಯಿತು. ಆಮೇಲೆ ನನ್ನ ಕೈ ಹಿಡಿದು ಹೊಟ್ಟಿನಡಿ ತೂರಿಸಿದರು. "ನೋಡು, ಮಣ್ಣ ಹ್ಯಾಂಗ ತಂಪ ಅದ. ಒಂದ್ ಕಳೆ-ಕಸ ಇಲ್ಲ. ಹೊಟ್ಟು ತೆಗೀಬ್ಯಾಡ."

ನಾನು ಅದನ್ನು ಹಾಸಿದ ದಿನ ಅತ್ತೆ ಊರಲ್ಲೇ ಇರಲಿಲ್ಲ, ಕೊಹಿನೂರ ಹಳ್ಳಿಯ ತಂಗಿಯ ಮನೆಯಲ್ಲಿದ್ದರು. ಅವರನ್ನು ಬಸ್ಸು ಹತ್ತಿಸಿ ಬಂದವರು ನಮ್ಮವರೇ. ಅತ್ತೆ ಹಾಸಿಲ್ಲವೆಂದು ಗೊತ್ತಿದ್ದೂ ಡಬ್ಬಿ ವಾಪಸ್ ಕೊಟ್ಟು ಬಂದರಲ್ಲ...