ಸಮ್ಮೇಳನದಲ್ಲಿ ಕೇಳಬಾರದಿದ್ದ ಪ್ರಶ್ನೆ

ಮೀನಾ, ಟ್ರಿಪೊಲಿ, ಲೆಬನಾನ್
14 ಅಕ್ಟೋಬರ್ 2018

ನನ್ನ ಕಣ್ಣೇ ಲಮೀಸ್,

ಹೇಗಿದ್ದೀಯ? ಈಜಿಪ್ಟಿನ ಸೆಕೆಗೆ ಮೈಮೇಲೆ ಎದ್ದಿದ್ದ ಗುಳ್ಳೆ ವಾಸಿಯಾಯಿತೆ? ಇನ್ಸಾಫ್ ಅತ್ತೆಯ ಮಂಡಿನೋವು ಹೇಗಿದೆ? ಆಕೆ ಬೇಯಿಸಿದ್ದಕ್ಕೆ ಹೆಸರಿಡದೆ ತಿನ್ನು, ನಿನ್ನ ಅಪ್ಪನ ಅಕ್ಕ ಆಕೆ, ನಿನ್ನನ್ನು ಮನೆಗೆ ಸೇರಿಸಿಕೊಂಡವಳು. ನಿನ್ನ ಮಾತಿನ ಧಾಟಿ ಕೇಳಿ ಅಲ್ಲಿಯ ಅಂಗಡಿಯವರು "ಬಂದ್ಳು ನೋಡ್ರಪ್ಪ ಲೆಬನಾನಿನವಳು" ಎಂದು ನಗುತ್ತಾರೆಂದು ಬರೆದಿದ್ದೆಯಲ್ಲ, ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಹುಟ್ಟಿ ಬೆಳೆದ ಊರಿನಲ್ಲಿ ನೀನು ಈಜಿಪ್ಟಿನವಳು, ಅಪ್ಪನ ಊರಿನಲ್ಲಿ ಲೆಬನಾನಿನವಳು.

ನಾನು ಸಿಟ್ಟಿನಲ್ಲಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ. ಹೋದ ಮಂಗಳವಾರ ಬೈರೂತಿನ ದೊಡ್ಡ ಹೋಟೆಲೊಂದರಲ್ಲಿ ಅರಬ್ ಮಹಿಳೆಯರ ಸಬಲೀಕರಣದ ಸಮ್ಮೇಳನ ನಡೆಯಿತು. ಒಂಬತ್ತು ದೇಶದವರು ಬಂದಿದ್ದರು. ನಮ್ಮ ಉಪ್ಪಿನಕಾಯಿ ಸಂಘದ ಪರವಾಗಿ ನನ್ನನ್ನೂ ಕರೆದಿದ್ದರು. ಎಣ್ಣೆಯಲ್ಲಿ ಹಾಕಿದ ಬದನೆಯ ಜಾಡಿ ಹಿಡಿಸಿ ಬಾಗಿಲಲ್ಲೇ ನಿಲ್ಲಿಸಿದರು. ಫೋಟೋ ತೆಗೆಯುವವನು "ಸ್ವಲ್ಪ ನಗಿ ಚಿಕ್ಕಮ್ಮ, ಸಬಲೆ ಥರ ಕಾಣ್ಬೇಕು" ಅಂದ. ನಕ್ಕೆ. ಆ ನಗುವಿಗೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನ್ನಿಸುತ್ತದೆ.

ಅಧಿಕಾರಿಯೊಬ್ಬರು ಮುಕ್ಕಾಲು ಗಂಟೆ ಮಾತಾಡಿದರು. ಅರಬ್ ಹೆಣ್ಣುಮಕ್ಕಳೆಲ್ಲ ಒಂದೇ ಮನೆಯವರಂತೆ, ನಮ್ಮ ನಡುವೆ ಗಡಿಯೇ ಇಲ್ಲವಂತೆ. ನನಗೆ ತಡೆಯಲಾಗಲಿಲ್ಲ. ಪ್ರಶ್ನೆಗಳಿವೆಯೇ ಎಂದಾಗ ಎದ್ದು ನಿಂತೆ. ನನ್ನ ಮಗಳನ್ನು ಇದೇ ದೇಶದಲ್ಲಿ ಹೆತ್ತೆ, ಜಾಡಿ ತುಂಬಿಸಿ ತುಂಬಿಸಿ ಕಾನೂನು ಓದಿಸಿದೆ ಅಂದೆ. ತೀರಿಹೋದ ಅವಳ ಅಪ್ಪ ಈಜಿಪ್ಟಿನ ಬಡಗಿಯಾಗಿದ್ದ ಕಾರಣಕ್ಕೆ ಅವಳು ಇಲ್ಲಿ ಪರದೇಶಿ, ವಕೀಲಿ ಮಾಡುವಂತಿಲ್ಲ ಅಂದೆ. ನನ್ನ ದೇಶವನ್ನು ನನ್ನ ಮಗಳಿಗೆ ಕೊಡಲು ನನಗೆ ಹಕ್ಕಿಲ್ಲದಿದ್ದರೆ, ನೀವು ಸಬಲೆ ಅನ್ನುತ್ತಿರುವುದು ಯಾರನ್ನು ಎಂದು ಕೇಳಿದೆ.

ಅವರು ನಗುತ್ತಲೇ "ಅದು ರಾಜಕೀಯದ ವಿಷ್ಯ ತಾಯಿ. ಇಲ್ಲಿ ನಾವು ಸಬಲೀಕರಣದ ಬಗ್ಗೆ ಮಾತಾಡ್ತಿದೀವಿ" ಅಂದರು. ನನ್ನ ಕೈಯಲ್ಲಿದ್ದ ಮೈಕು ಸತ್ತುಹೋಯಿತು.

ಆಗ ಹಿಂದಿನ ಸಾಲಿನಿಂದ ದಪ್ಪ ದನಿಯೊಂದು ಕೇಳಿತು. ಮೊರೊಕ್ಕೊದ ಝೋರ್ ಎಂಬ ಹೆಂಗಸು, ಫೆಜ್‌ನಲ್ಲಿ ಟೀಚರು. ಅವಳಿಗೆ ಮೈಕು ಬೇಕಾಗಲೇ ಇಲ್ಲ. "ನಮ್ಮಲ್ಲೂ ರಾಜಕೀಯ ರಾಜಕೀಯ ಅಂತ ವರ್ಷಗಟ್ಟಲೆ ಹೇಳಿದ್ರು. ತಾಯಿಯ ಪೌರತ್ವ ಮಕ್ಕಳಿಗೂ ಸಿಗೋ ಹಾಗೆ ಕಾನೂನು ಬದಲಾಗಿ ಹನ್ನೊಂದು ವರ್ಷ ಆಯ್ತು. ಆಕಾಶ ಏನೂ ಕಳಚಿ ಬೀಳ್ಲಿಲ್ಲ" ಅಂದಳು. ಇರ್ಬಿದ್‌ನಿಂದ ಬಂದಿದ್ದ ಜೋರ್ಡನ್ನಿನ ಹೆಂಗಸೊಬ್ಬಳು ಎದ್ದು, ತನ್ನ ಮೂವರು ಮಕ್ಕಳದೂ ಇದೇ ಪಾಡು ಅಂದಳು. ಅಧಿಕಾರಿ ಚಹಾ ವಿರಾಮ ಎಂದು ಘೋಷಿಸಿದರು.

ಆ ಮಧ್ಯಾಹ್ನ ಒಳಗೆ ಮುಂದಿನ ಭಾಷಣ ನಡೆಯುತ್ತಿದ್ದಾಗ ನಾವು ಹನ್ನೆರಡು ಜನ, ಹೋಟೆಲಿನ ಕೆಲಸದವರು ಓಡಾಡುವ ಮೆಟ್ಟಿಲ ಮೇಲೆ ಕೂತಿದ್ದೆವು. ಕಾನೂನು ಬದಲಿಸಲು ಮೊರೊಕ್ಕೊದ ಹೆಂಗಸರು ಯಾರ ಮನೆಬಾಗಿಲು ತಟ್ಟಿದ್ದರು, ಯಾವ ದಾಖಲೆ ಮುಂದಿಟ್ಟಿದ್ದರು, ಯಾರಿಂದ ಏನೇನು ಬೈಗುಳ ತಿಂದಿದ್ದರು ಎಂಬುದನ್ನೆಲ್ಲ ಝೋರ್ ಹೇಳಿದಳು. ನಾನು ಬರೆದುಕೊಂಡೆ. ತಾಯಿಯ ಪೌರತ್ವ ಮಕ್ಕಳಿಗೂ ಸಿಗಲಿ ಎಂದು ನಾವು ಬರೆಯುವ ಅರ್ಜಿಯನ್ನು ಮೊರೊಕ್ಕೊದ ವಕೀಲರೊಬ್ಬರು ತಿದ್ದಿಕೊಡಲು ಒಪ್ಪಿದ್ದಾರೆ. ಜೋರ್ಡನ್ನಿನವರೂ ನಾವೂ ಒಂದೇ ದಿನ, ನಮ್ಮ ನಮ್ಮ ದೇಶಗಳಲ್ಲಿ, ಅರ್ಜಿ ಸಲ್ಲಿಸುತ್ತೇವೆ. ಸಹಕಾರ ಅಂದರೆ ಇದು. ಒಳಗೆ ನಡೆದದ್ದು ಬರೀ ಭಾಷಣ, ಊಟ.

ಅತ್ತೆಗೆ ನನ್ನ ಸಲಾಂ ಹೇಳು. ದೇವರು ನಿನ್ನನ್ನು ಕಾಯಲಿ, ನಿನ್ನ ನಾಲಿಗೆಯನ್ನು ಇನ್ನಷ್ಟು ಚುರುಕು ಮಾಡಲಿ.

ನಿನ್ನ ಅಮ್ಮ,
ಫದ್ವಾ

ಮರೆತಿದ್ದೆ, ಅಲ್ಲ, ಬರೆಯಲು ಧೈರ್ಯವಿರಲಿಲ್ಲ. ಏಳು ವರ್ಷದ ಹಿಂದೆ ಇಂಥದೇ ಅರ್ಜಿ ಹಿಡಿದು ಇಬ್ಬರು ಹೆಂಗಸರು ನಮ್ಮ ಮನೆಗೆ ಬಂದಿದ್ದರು. ನಿನ್ನ ಅಪ್ಪನನ್ನು ದೇಶದಿಂದ ಓಡಿಸಿಬಿಟ್ಟಾರು ಎಂದು ಹೆದರಿ, "ನಮಗೇನೂ ತೊಂದ್ರೆ ಇಲ್ಲಮ್ಮ, ಹೋಗಿ" ಎಂದು ಬಾಗಿಲು ಹಾಕಿದೆ. ನಿನಗೆ ಹೇಳಲೇ ಇಲ್ಲ. ಬೇಕಾದಷ್ಟು ಬೈದು ಬರಿ. ಈ ಸಲದ ಅರ್ಜಿಯಲ್ಲಿ ಮೊದಲ ಹೆಸರು ನನ್ನದು. ಸಹಿಯ ಹಾಳೆಯನ್ನು ಜೊತೆಗಿಟ್ಟಿದ್ದೇನೆ. ಎರಡನೆಯ ಸಾಲು ಖಾಲಿ ಬಿಟ್ಟಿದ್ದೇನೆ, ಸಹಿ ಹಾಕಿ ಕಳಿಸು.