ನೋಟ ಎತ್ತಲೋ ಓಟ ಅತ್ತಲೇ

ನವೆಂಬರ್ ೯, ಭಾನುವಾರ

ತಂಗಿ ಸೂ-ಯುನ್‌ಳ ಭುಜದ ಮೂಳೆ ಮುರಿದಿದೆ. ನನ್ನ ಮೈಮೇಲೆ ಒಂದು ಗೀರೂ ಇಲ್ಲ. ಅದೇ ಕೊರೆಯುತ್ತಿದೆ.

ರೇಸ್ ಟ್ರ್ಯಾಕಿಗೆ ಬೈಕ್ ಓಡಿಸುವುದನ್ನು ಕಲಿಯಲು ಬರುವವರಿಗೆಲ್ಲ ನನ್ನ ಮಂತ್ರ ಒಂದೇ: ನೋಟ ಎತ್ತಲೋ ಓಟ ಅತ್ತಲೇ. ಕಂದಕ ನೋಡಿದವನು ಕಂದಕಕ್ಕೆ, ತಿರುವಿನ ಕೊನೆ ನೋಡಿದವನು ಮನೆಗೆ. ಪ್ರಾಸ ಚೆನ್ನಾಗಿದೆಯೆಂದು ಅಂಗಿಗಳ ಮೇಲೂ ಅಚ್ಚು ಹಾಕಿಸಿ ಹಂಚಿದ್ದೇನೆ.

ಇವತ್ತು ಪಿಂಗ್‌ಲಿನ್ ಘಟ್ಟದ ತಿರುವಿನಲ್ಲಿ, ಬೈಕಿನವರ ಫೋಟೊ ತೆಗೆದು ಮಾರುವವರು ಎಂದಿನಂತೆ ಕ್ಯಾಮೆರಾ ಹಿಡಿದು ಕೂತಿದ್ದರು. ನಾನು ರೇಸಿನವರಂತೆ ಬೈಕು ವಾಲಿಸಿ, ಮೊಣಕಾಲು ಚಾಚಿ, ಅವರತ್ತ ತಿರುಗಿ ನಕ್ಕೆ. ಬೈಕು ವಿಧೇಯ ಶಿಷ್ಯನಂತೆ ಅತ್ತಲೇ ಹೋಯಿತು. ಅವರು ಎದ್ದು ಓಡಿದರು, ನಾನು ಚಹಾ ಗಿಡಗಳ ಮೇಲೆ ಮೆತ್ತಗೆ ಬಿದ್ದೆ. ತನ್ನ ಬೈಕಿನಲ್ಲಿ ಹಿಂದೆಯೇ ಬಂದ ಸೂ-ಯುನ್ ಕಾಂಕ್ರೀಟ್ ಚರಂಡಿಗೆ ಬಿದ್ದಳು.

ಆಸ್ಪತ್ರೆಯಲ್ಲಿ ಕೇಳಿದಳು: "ಅಣ್ಣಾ, ನೀನು ಎಲ್ಲಿ ನೋಡ್ತಿದ್ದೆ?"

"ಕ್ಯಾಮೆರಾ ಕಡೆ. ನಗ್ತಿದ್ದೆ."

"ಹೆಲ್ಮೆಟ್ ಒಳಗಾ? ಥೂ ನಿನ್ನ!" ನಗಲು ಹೋಗಿ ನೋವಿಗೆ ಹಲ್ಲು ಕಚ್ಚಿದಳು.

"ನೀನಾದ್ರೂ ರಸ್ತೆ ನೋಡ್ಬಾರ್ದಿತ್ತಾ? ಎಷ್ಟು ಸಲ ಹೇಳಿದೀನಿ?"

"ನಿನ್ನನ್ನೇ ನೋಡ್ತಿದ್ದೆ ಕಣೋ. ನೀನು ಸರಿಯಾಗಿ ಹೋಗ್ತೀಯ ಅಂತ."

ಮುಖ ತೋರಿಸಲು ಹೋಗಿ ಮುಖ ತೋರಿಸಲಾರದವನಾದೆ. ನೋಡು, ಈಗಲೂ ಚಮತ್ಕಾರದ ಮಾತೇ ಬರುತ್ತಿದೆ. ಥೂ.

ಜಾಕೆಟ್ಟಿನ ಒಳಗೆ ಅವಳು ತೊಟ್ಟಿದ್ದು ನಾನು ಕೊಟ್ಟ ಅಂಗಿ. ನರ್ಸ್ ಅದನ್ನು ಕತ್ತರಿಸಿ ತೆಗೆದು ನನ್ನ ಕೈಗೆ ಕೊಟ್ಟಳು. ನೋಟ ಒಂದು ತುಂಡಿನಲ್ಲಿ, ಓಟ ಇನ್ನೊಂದರಲ್ಲಿ. ಎಸೆಯಲಾರದೆ ಮನೆಗೆ ತಂದಿದ್ದೇನೆ. ಬೆಳಿಗ್ಗೆ ಅಮ್ಮ ನೋಡಿ, ಇದೇನು ಅಂತ ಕೇಳಿದರೆ…