ಜಿನ್ ಬಯಲಿನ ಮೊದಲ ಕಟ್ಟೆ

ಗದಗ-ಬೆಟಗೇರಿ, ಮೂರನೇ ಮಹಡಿ ಓಣಿ
ಮರುಬೇಸಿಗೆ ನಲವತ್ತೊಂದು, ೨೧೭೩

ಶಕುಂತಲಜ್ಜಿಗೆ ಶರಣು.

ಮೇಲಿನ ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆ ಅನ್ನಿಸಿದರೆ ತಪ್ಪು ನಿಮ್ಮದಲ್ಲ. ಮರುಬೇಸಿಗೆ ಎಂದರೆ ಮಳೆ ನಾಲ್ಕು ದಿನ ಮುಖ ತೋರಿಸಿ ಹೋದ ಮೇಲೆ ಮತ್ತೊಮ್ಮೆ ಬರುವ ಬೇಸಿಗೆ. ನಿಮ್ಮ ಪಂಚಾಂಗದಲ್ಲಿ ಅದು ಇಲ್ಲ, ನಮ್ಮದರಲ್ಲಿ ಅದೇ ಹಿರಿಯಣ್ಣ. ನನ್ನ ಮಾತಿನಲ್ಲಿ ಅಲ್ಲಲ್ಲಿ ಇಂಥ ಪದಗಳು ನುಸುಳುತ್ತವೆ, ಕ್ಷಮಿಸಬೇಕು. ನಾನು ಹಿಮಾ, ನಿಮ್ಮ ಮೊಮ್ಮಗಳ ಮೊಮ್ಮಗಳ ಮಗಳು. ನಿಮಗಿನ್ನೂ ಮಗಳ ಮದುವೆಯೇ ಆಗಿಲ್ಲ, ಅಜ್ಜಿ ಅನ್ನಿಸಿಕೊಳ್ಳಲು ಸಿಟ್ಟು ಬಂದೀತು. ಆದರೆ ನಾನು ಬೇರೆ ಏನೆಂದು ಕರೆಯಲಿ?

ಹಿಂದಿನವರಿಗೆ ಬರೆಯುವ ಇಂಥ ಪತ್ರವನ್ನು ನಾವು ಹಿಂದೋಲೆ ಎನ್ನುತ್ತೇವೆ. ಜೀವಮಾನದಲ್ಲಿ ಒಬ್ಬರಿಗೆ ಒಂದೇ. ಹೆಚ್ಚಿನವರು ಅದನ್ನು ತೀರಿಹೋದ ಅಪ್ಪನಿಗೋ ಮುನಿಸಿಕೊಂಡು ಹೋದ ಗೆಳತಿಗೋ ಬರೆದು, ಒಂದಿಷ್ಟು ಅತ್ತು ಮುಗಿಸುತ್ತಾರೆ. ಹಿಂದೋಲೆಗಳು ತಲುಪುತ್ತವೆ ಎಂಬುದಕ್ಕೆ ಪುರಾವೆ ಇದೆ. ತಲುಪಿದ್ದರಿಂದ ಇಲ್ಲಿ ಏನಾದರೂ ಬದಲಾಯಿತು ಎಂಬುದಕ್ಕೆ ಇದುವರೆಗೆ ಒಂದೂ ಇಲ್ಲ. ಗೊತ್ತಿದ್ದೂ ಬರೆಯುತ್ತಿದ್ದೇನೆ.

ನೀವೀಗ ಬೆಟಗೇರಿಯ ನಿಮ್ಮ ಹೊಲಿಗೆ ಅಂಗಡಿಯಲ್ಲಿ, ಝಂಪರಿನ ಅಳತೆ ಕೊಡಲು ಬಂದವರೆಲ್ಲರಿಂದ ಸಹಿ ಹಾಕಿಸಿಕೊಳ್ಳುತ್ತಿದ್ದೀರಿ. ಹತ್ತಿ ಬಿಡಿಸುವ ಹಳೇ ಜಿನ್ನು ಕಾರ್ಖಾನೆ ಮುಚ್ಚಿ ಪಾಳುಬಿದ್ದ ಜಾಗವನ್ನು ಅಂಗಡಿ ಸಾಲಿಗೆಂದು ಗೊತ್ತುಮಾಡಿದ್ದಾರೆ. ಅದನ್ನು ಊರ ಬಯಲೆಂದು ಬದಲಿಸಬೇಕು, ಜನರೇ ಮತ ಹಾಕಿ ತೀರ್ಮಾನಿಸಬೇಕು ಎಂಬುದು ನಿಮ್ಮ ಹಟ. ಸಾಕಷ್ಟು ಸಹಿ ಬಿದ್ದರೆ ಮತ ನಡೆಸಲೇಬೇಕೆಂದು ನಿಮ್ಮ ಕಾಲದ ಹೊಸ ಕಾಯ್ದೆ ಹೇಳುತ್ತದೆ. ಸೋತರೆ ಊರಿಗೆ ಹೇಗೆ ಮುಖ ತೋರಿಸುವುದು ಎಂದು ನೀವು ಹೊಲಿಗೆ ತಪ್ಪಿ, ಬಿಚ್ಚಿ ಮತ್ತೆ ಹೊಲಿಯುತ್ತಿದ್ದೀರಂತೆ. ಚಿಂತೆ ಬಿಡಿ, ನೀವು ಗೆಲ್ಲುತ್ತೀರಿ. ಊರಿಗೆ ಊರೇ ನಿಮ್ಮ ಕಡೆ ನಿಲ್ಲುತ್ತದೆ. ನನ್ನ ಸಂಕಟ ಅಲ್ಲಿಂದಲೇ ಶುರುವಾಗುತ್ತದೆ.

ನಮ್ಮ ಊರನ್ನು ಸ್ವಲ್ಪ ಹೇಳಬೇಕು. ಮನೆಗಳು ಒಂದರ ಮೇಲೊಂದು ಏರಿವೆ, ಓಣಿಗಳೂ ಅವುಗಳ ಜೊತೆ ಏರಿವೆ. ನಾವು ಮೂರನೇ ಮಹಡಿ ಓಣಿಯವರು, ಸಂತೆ ಐದನೆಯದರಲ್ಲಿ. ನಸುಕಿನಲ್ಲಿ ಒಂದು ತಂಪುಗಂಟೆ ಇರುತ್ತದೆ, ಆಗ ಮಾತ್ರ ಹೊರಗೆ ಓಡಾಡಲು ಬಿಡುತ್ತಾರೆ. ರೊಟ್ಟಿ ಇದೆ, ಆದರೆ ಜೋಳ ಎಲ್ಲಿ ಬೆಳೆಯುತ್ತದೆಂದು ನಾನು ನೋಡಿಲ್ಲ. ಊರ ಸುತ್ತಲಿನ ಎರೆಹೊಲಗಳೆಲ್ಲ ಈಗ ಬಿಸಿಲುಹೊಲಗಳು. ನೆಲಕ್ಕೆ ಕಾಂಕ್ರೀಟು ಹಾಸಿ, ಬಿಸಿಲು ಹಿಡಿಯುವ ಫಲಕ ನೆಟ್ಟು, ಬೇಲಿ ಹಾಕಿದ್ದಾರೆ. ಯಾರಾದರೂ ಸತ್ತರೆ ಕರಗುಮನೆಗೆ ಒಯ್ಯುತ್ತೇವೆ. ಅಲ್ಲಿ ದೇಹ ನೀರಾಗಿ, ಉಳಿದ ಒಂದು ಹಿಡಿಯಷ್ಟನ್ನು ಬಟ್ಟಲಿನಲ್ಲಿ ಕೊಡುತ್ತಾರೆ. ಅದರ ಮೇಲೆ ಬಂಧುಗಳು ಒಬ್ಬೊಬ್ಬರಾಗಿ ಮಣ್ಣು ಹಾಕಬೇಕು. ಮಣ್ಣಿಗೆ ಹೋಗಿಬಂದೆವು ಎಂಬ ನಿಮ್ಮ ಮಾತನ್ನು ನಾವು ಈಗಲೂ ಆಡುತ್ತೇವೆ. ಮಣ್ಣೆಂದು ಅವರು ಕೊಡುವ ಪೊಟ್ಟಣದಲ್ಲಿ ಇರುವುದು ಇಟ್ಟಿಗೆಯ ಪುಡಿ.

ನನ್ನ ಅವ್ವನ ಹೆಸರು ಸಿಂಚನವ್ವ. ನಿಮ್ಮಲ್ಲಿ ಈ ಹೆಸರು ಎಳೆಕೂಸುಗಳದಂತೆ, ನಮ್ಮಲ್ಲಿ ಹಲ್ಲು ಬಿದ್ದವರದು. ಅವ್ವ ಹಾಸಿಗೆ ಹಿಡಿದಿದ್ದಾಳೆ, ಈ ಮರುಬೇಸಿಗೆ ದಾಟುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ. ಅವಳಿಗೆ ಸಾವಿನ ಹೆದರಿಕೆ ಇಲ್ಲ, ಆ ಪೊಟ್ಟಣದ ಹೆದರಿಕೆ. "ಇಟಗಿ ಪುಡಿ ಹಾಕಿ ಕಳಸಬ್ಯಾಡವಾ ನನ್ನ. ನಮ್ಮ ಊರ ಎರಿಮಣ್ಣು ಒಂದ ಹಿಡಿ ಹಾಕು, ಸಾಕು" ಎಂದು ದಿನಾ ಹೇಳುತ್ತಾಳೆ. ಹೆತ್ತವಳು ಕೇಳಿದ್ದು ಬಂಗಾರವಲ್ಲ, ಒಂದು ಹಿಡಿ ಮಣ್ಣು. ಅದನ್ನೂ ಕೊಡಲಾಗದವಳು ಮಗಳಾಗಿ ಏನು ಉಪಯೋಗ ಎಂದು ನನಗೆ ನಾಚಿಕೆಯಾಗುತ್ತದೆ.

ಇಡೀ ಊರಿನಲ್ಲಿ ಮಣ್ಣು ಇರಬೇಕಾದ ಜಾಗ ಒಂದೇ, ನಿಮ್ಮ ಜಿನ್ ಬಯಲು. ನೀವು ಗೆದ್ದ ಮತ ಇಂದಿಗೂ ಜಾರಿಯಲ್ಲಿದೆ, ಅಲ್ಲಿ ಕಟ್ಟಡ ಕಟ್ಟುವಂತಿಲ್ಲ. ಕಟ್ಟಿಯೂ ಇಲ್ಲ. ಆಗಿದ್ದು ಬೇರೆ. ನೀವು ಗೆದ್ದ ವರ್ಷ ಊರವರಿಗೆ ನಿಮಗೆ ಅಲ್ಲೇ ಸನ್ಮಾನ ಮಾಡುವ ಆಸೆಯಾಯಿತು. ಪ್ರತಿ ವರ್ಷ ವೇದಿಕೆ ಬಾಡಿಗೆಗೆ ತರುವುದೇಕೆ, ಮೊಣಕಾಲೆತ್ತರದ ಒಂದು ಕಟ್ಟೆ ಕಟ್ಟಿಬಿಡೋಣ ಎಂದರು. ಗೋಡೆ ಇಲ್ಲ, ಛಾವಣಿ ಇಲ್ಲ, ಕಟ್ಟೆ ಕಟ್ಟಡ ಹೇಗಾದೀತು? ನೀವು ಮೊದಲು ಬೇಡ ಎಂದಿರಂತೆ. ಮತ್ತೆ ಬಂದು ಕೇಳಿದಾಗ, "ಇಷ್ಟ ಪ್ರೀತಿ ಮಾಡಿ ಕೇಳಾಕತ್ತಾರ, ಹೆಂಗ ಒಲ್ಲೆ ಅನ್ನೂದು" ಎಂದಿರಂತೆ. ನಮ್ಮ ಮನೆಯಲ್ಲಿ ತಾಯಿಯಿಂದ ಮಗಳಿಗೆ ಈ ಮಾತು ನಿಮ್ಮ ದೊಡ್ಡಗುಣವೆಂದೇ ಬಂದಿದೆ. ನನಗೆ ಮಾತ್ರ ಅದನ್ನು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನಿಮ್ಮ ಕಟ್ಟೆ ಎದ್ದ ಮೇಲೆ ನೇಕಾರ ಓಣಿಯವರು ತಮ್ಮ ಹಿರಿಯರಿಗೂ ಒಂದು ಬೇಕೆಂದರು. ಸಹಿ ಹಾಕುವಾಗ ಅವರೂ ಮುಂದಿದ್ದರಲ್ಲ. ಅವರಿಗೆ ಕೊಟ್ಟು ಇವರಿಗಿಲ್ಲ ಎನ್ನುವಷ್ಟು ಎದೆಗಾರಿಕೆ ಯಾವ ಮೆಂಬರಿಗೆ ಇದ್ದೀತು? ಒಂದೊಂದು ಸಮಾಜಕ್ಕೆ ಒಂದೊಂದು ಕಟ್ಟೆ, ಒಂದೊಂದು ಕಟ್ಟೆಗೆ ಒಂದು ಮೂರ್ತಿ, ಮೂರ್ತಿಗೆ ಒಂದು ಜಯಂತಿ. ಜಯಂತಿಗೆ ಹೂ ಹಾಕಲು ಬಂದ ಮುದುಕರು ಕೆಸರಿನಲ್ಲಿ ಜಾರಬಾರದೆಂದು ನಡುವೆ ಫರಸಿ ಕಲ್ಲು ಹಾಸಿದರು. ಹೂ ಹಾಕುವವರು ಸತ್ತಾಗ ಅವರಿಗೂ ಸಣ್ಣ ಕಟ್ಟೆಗಳಾದವು. ಈಗ ಅಲ್ಲಿ ಕಾಲಿಟ್ಟಲ್ಲೆಲ್ಲ ಗೌರವವೇ. ಅಂಗಡಿ ಸಾಲು ಎದ್ದಿದ್ದರೆ ಎಂದೋ ಬಿದ್ದುಹೋಗಿ ಒಂದಿಷ್ಟು ಮಣ್ಣಾದರೂ ಕಾಣುತ್ತಿತ್ತು. ಅಂಗಡಿಯನ್ನು ಕೆಡವಬಹುದು, ಗೌರವವನ್ನು ಕೆಡವುವವರು ಯಾರು?

ಅಲ್ಲಿನ ಕಾವಲಿನವರನ್ನು ಒಂದು ಫರಸಿ ಎತ್ತಿಕೊಡಿ ಎಂದು ಬೇಡಿಕೊಂಡೆ. "ಒಂದು ಎತ್ತಿದ್ರ ನಾಳೆ ಮಂದಿ ಪೂರಾ ಬರ್ತೈತಿ ತಂಗಿ. ಎಲ್ಲಾರ ಮನ್ಯಾಗೂ ಮುದುಕರು ಅದಾರ" ಎಂದರು. ಮಾತು ಸುಳ್ಳಲ್ಲ. ಕದಿಯೋಣವೆಂದರೆ ಕಟ್ಟೆಗಳಿಗೆಲ್ಲ ಕಣ್ಣು ಕೂಡಿಸಿದ್ದಾರೆ, ಬೆರಳು ತಗಲಿದರೆ ಊರಿಗೆಲ್ಲ ಕೂಗು ಕೇಳುತ್ತದೆ.

ಕೊನೆಗೆ ನಿಮ್ಮ ದಾರಿಯನ್ನೇ ಹಿಡಿದೆ. ಆ ಕಾಯ್ದೆ ಇನ್ನೂ ಬದುಕಿದೆ. ಬೇರೆಯವರ ಕಟ್ಟೆಯ ತಂಟೆ ಬೇಡ, ನಮ್ಮ ಅಜ್ಜಿಯದನ್ನಷ್ಟೇ ತೆಗೆದು ಆ ಜಾಗವನ್ನು ಮತ್ತೆ ಬಯಲು ಮಾಡಿ ಎಂದು ಪ್ರಶ್ನೆ ಬರೆದು, ತಂಪುಗಂಟೆಯಲ್ಲಿ ಮನೆಮನೆಗೆ ಹೋದೆ. ಎಲ್ಲರೂ ಒಳಗೆ ಕರೆದು ಕೂಡ್ರಿಸಿದರು, ಕಷಾಯ ಕೊಟ್ಟರು, ಸಹಿ ಹಾಕಿದರು, "ನಿನ್ನ ಮಾತು ಮೀರತೀವೇನವಾ" ಎಂದರು. ಕಷಾಯ ಕೊಟ್ಟ ಮನೆಗಳನ್ನೆಲ್ಲ ನಾನು ಮತವೆಂದು ತಿಳಿದೆ. ನಮ್ಮ ಜನಕ್ಕೆ ಎದುರಿಗೆ ಒಲ್ಲೆ ಎನ್ನಲು ಬರುವುದಿಲ್ಲ ಎಂಬುದನ್ನು ನಾನೇ ಮರೆತೆ. ಮರೆಯಲ್ಲಿ ನಿಂತು ಮತ ಹಾಕುವಾಗ ಬಹುಮಂದಿ ಒಲ್ಲೆ ಎಂದರು. ಎದುರು ಮನೆಯ ಮಲ್ಲನಗೌಡ ಕಾಕಾ ಬಂದು ನನ್ನ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡರು. "ಅಂಥಾ ದೊಡ್ಡಾಕಿ ಕಟ್ಟಿ ಒಡದ್ರ ಪಾಪ ಬರತೈತಿ ಹಿಮಾ. ನೀ ಸಣ್ಣಾಕಿ, ತಿಳೀದ ಮಾಡಿದಿ." ಅವರೂ ಸಹಿ ಹಾಕಿದವರೇ. ಸೋತವಳ ಮನಸ್ಸು ನೋಯಬಾರದೆಂದು ಅದೇ ಜನ ಬರುವ ವಾರ ನಿಮ್ಮ ಕಟ್ಟೆಯ ಮೇಲೆ ನನಗೊಂದು ಸನ್ಮಾನ ಇಟ್ಟುಕೊಂಡಿದ್ದಾರೆ. ಒಪ್ಪಿಕೊಂಡಿದ್ದೇನೆ.

ಅದಕ್ಕೇ ಅಜ್ಜಿ, ನಿಮ್ಮನ್ನು ಬೈಯುವ ಹಕ್ಕು ನನಗಿಲ್ಲ. ಕೇಳುವುದಷ್ಟೇ. ನೀವು ಗೆದ್ದ ಮೇಲೆ ಅವರು ಹಾರ ಹಿಡಿದು ಬರುತ್ತಾರೆ, ನಗುತ್ತ ಒಂದು ಕಟ್ಟೆಯ ಮಾತೆತ್ತುತ್ತಾರೆ. ಆಗ ಒಮ್ಮೆ ಒರಟಾಗಿರಿ. ಹಾರವನ್ನು ನೆಲಕ್ಕೆ ಹಾಕಿ ಎದ್ದು ಹೋಗಿ. ಸೊಕ್ಕಿನವಳು ಎನ್ನಲಿ, ನಿಮ್ಮ ಅಂಗಡಿಗೆ ಒಬ್ಬರೂ ಬಟ್ಟೆ ತರದಿರಲಿ, ನಿಮ್ಮ ಹೆಸರು ಊರಿಗೆ ಮರೆತುಹೋಗಲಿ. ಬಯಲನ್ನು ಬರಿದಾಗಿ ಬಿಟ್ಟವಳು ಎಂದು ನಾವು ನೆನೆಯುತ್ತೇವೆ, ಆ ನೆನಪಿಗೆ ಜಾಗ ಬೇಕಾಗುವುದಿಲ್ಲ. ನೀವು ಹಾಗೆ ಮಾಡುವವರಲ್ಲ ಎಂದು ಬಲ್ಲೆ. ಮಾಡಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ.

ಸೋತ ಸುದ್ದಿಯನ್ನು ಅವ್ವನಿಗೆ ಇನ್ನೂ ಹೇಳಿಲ್ಲ. ಮಲಗಿದ್ದಾಳೆ. ಈಗ ಎಚ್ಚರಾದರೆ ಏನಾತು ಎಂದು ಕೇಳುತ್ತಾಳೆ. ಗೆದ್ದೆವವ್ವ, ಮಣ್ಣು ಸಿಗತೈತಿ ಎಂದು ಹೇಳುವವಳಿದ್ದೇನೆ.

ನಿಮ್ಮವಳೇ,
ಹಿಮಾ